ನಕ್ಷತ್ರಾಂಕಿತ ನೋಟಿನ ಬೆಲೆ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಹಳೆಯ ಮನೆಗಳಲ್ಲಿ, ಅಜ್ಜಂದಿರ ಪೆಟ್ಟಿಗೆಯ ತಳದಲ್ಲಿ, ಜಮೀನಿನ ಕಾಗದಪತ್ರಗಳ ನಡುವೆ ಹಾಲಿಸಿಕ್ಕಾ ನೋಟೊಂದು ದೊರೆತರೆ, ಈ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದ ಸಾಕ್ಷಿಯೇ ಕೈಸೇರಿತೆಂದು ತಿಳಿಯಬೇಕು. 1918ರಿಂದ ಹೈದರಾಬಾದು ಸಂಸ್ಥಾನವು ಹೊರಡಿಸಿದ ಆ ನೋಟುಗಳಲ್ಲಿ ಉರ್ದು, ತೆಲುಗು, ಮರಾಠಿಗಳೊಡನೆ ನಮ್ಮ ಕನ್ನಡವೂ ಮೌಲ್ಯವನ್ನು ಸಾರುತ್ತಿತ್ತೆಂಬುದು ಹೆಮ್ಮೆಯ ಸಂಗತಿ.

ಇಂದಿನ ನೋಟಿನಲ್ಲಿಯೂ ಸಂಗ್ರಾಹಕರು ಅರಸುವ ಗುರುತೊಂದುಂಟು. ಮುದ್ರಣದಲ್ಲಿ ಕೆಟ್ಟ ನೋಟಿನ ಸ್ಥಾನವನ್ನು ತುಂಬುವ ಬದಲಿ ನೋಟಿನ ಮೇಲೆ, ಕ್ರಮಸಂಖ್ಯೆಯ ಪೂರ್ವಾಕ್ಷರಗಳಿಗೂ ಅಂಕಿಗಳಿಗೂ ನಡುವೆ, ಪುಟ್ಟ ನಕ್ಷತ್ರವನ್ನು ಅಚ್ಚೊತ್ತುವ ಪದ್ಧತಿಯನ್ನು ರಿಸರ್ವ್ ಬ್ಯಾಂಕು 2006ರಲ್ಲಿ 10, 20, 50 ರೂಪಾಯಿಗಳಲ್ಲಿ ಆರಂಭಿಸಿ, 2016ರಲ್ಲಿ 500ಕ್ಕೂ ವಿಸ್ತರಿಸಿತು. ಅಂಗಡಿಯಲ್ಲಿ ಈ ನಕ್ಷತ್ರಾಂಕಿತ ನೋಟಿಗೆ ಇತರ ನೋಟುಗಳಷ್ಟೇ ಬೆಲೆ; ಆದರೆ ವಿರಳವಾದ ಶ್ರೇಣಿಗೆ ಸೇರಿ, ಮಡಿಕೆಯಿಲ್ಲದೆ, ಕಲೆಯಿಲ್ಲದೆ, ಅಂಚು ಸವೆಯದೆ ಉಳಿದಿದ್ದರೆ ಮಾತ್ರ ಸಂಗ್ರಾಹಕರು ಅಧಿಕ ಮೂಲ್ಯವನ್ನು ತೆರುವರು. ನಡುವೆ ಬಿದ್ದ ಒಂದೇ ಮಡಿಕೆಯೂ ಬೆಲೆಯನ್ನು ತಗ್ಗಿಸಬಲ್ಲುದು. ತೊಳೆದು ಇಸ್ತ್ರಿ ಮಾಡಿದ ನೋಟು ನುರಿತವರ ಕಣ್ಣಿಗೆ ಕೂಡಲೇ ಸಿಕ್ಕಿಬೀಳುವುದು.

ಹಳೆಯ ನೋಟಿಗೆ ಲಕ್ಷ ಕೊಡಿಸುವೆವೆಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಮುಂಗಡ ಶುಲ್ಕ ಕೇಳುವವರ ವಿಷಯದಲ್ಲಿ ಆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ನೀಡಿದೆ. ಆದುದರಿಂದ ವಾಚಕರೇ, ಪೆಟ್ಟಿಗೆಯ ನೋಟನ್ನು ತೊಳೆಯದಿರಿ, ಅಂಟಿಸದಿರಿ, ಆತುರದಿಂದ ಮಾರದಿರಿ. ಮೊದಲು ಅದನ್ನು ಮಕ್ಕಳಿಗೆ ತೋರಿಸಿ, ಅದರಲ್ಲಿರುವ ಕನ್ನಡವನ್ನು ಓದಿಸಿರಿ.