ಸುಳ್ಳಾಡುವವರ ಕಣ್ಣು
ಪ್ರಶ್ನೆ: ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆಂಬುದು ನಿಜವೇ? (ಓದುಗರೊಬ್ಬರು, ಜೇವರ್ಗಿ)

ನಿಜವಲ್ಲ. ಆಳಂದದ ಸಂತೆಯಲ್ಲಿ ಹಾಯುವ ಎತ್ತನ್ನು 'ಭಾಳ ಗರೀಬ ಅದರೀ' ಎಂದು ಕಣ್ಣಲ್ಲಿ ಕಣ್ಣಿಟ್ಟೇ ಮಾರಬಲ್ಲವರುಂಟು. ನಿರಪರಾಧಿಯು ಪೊಲೀಸರೆದುರು ಬೆವರುವುದೂ ಉಂಟು. ಸುಳ್ಳಾಡುವವನು ಕಂಡುದನ್ನು ಅದುಮಿ, ಕಾಣದುದನ್ನು ಕಟ್ಟಿ, ಹಿಂದೆ ನುಡಿದುದನ್ನು ನೆನಪಿಟ್ಟು, ಕೇಳುವವನ ಮುಖಭಾವವನ್ನೂ ಗಮನಿಸಬೇಕಾದುದರಿಂದ, ಅಫಜಲಪುರದ ಕಡೆ ಭೀಮೆಯಿಂದ ಎರಡು ಕೊಡ ಹೊತ್ತು ದಡವೇರುವವಳಂತೆ ಅವನ ಮನಸ್ಸು ಭಾರದಿಂದ ಬಳಲುತ್ತದೆ. ನಡೆದುದನ್ನು ಕಡೆಯಿಂದ ಮೊದಲಿಗೆ ಹೇಳೆಂದರೆ ವಿವರಗಳು ಸೊರಗಿ ಮಾತು ತಡವರಿಸುವ ಸಂಭವವುಂಟು. ಆದರೂ 2006ರಲ್ಲಿ ಪ್ರಕಟವಾದ, ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯಲ್ಲಿ ಯಾವುದು ಸುಳ್ಳು, ಯಾವುದು ನಿಜ ಎಂಬ ಜನರ ಊಹೆ ಸರಿಯಾದುದು ನೂರಕ್ಕೆ ಸುಮಾರು 54 ಸಲ ಮಾತ್ರ. ಸುಳ್ಳುಪತ್ತೆ ಯಂತ್ರವೂ ಅಳೆಯುವುದು ಉಸಿರು, ರಕ್ತದೊತ್ತಡ, ಬೆವರುಗಳನ್ನಷ್ಟೇ, ಸುಳ್ಳನ್ನಲ್ಲ. ಸಮ್ಮತಿಯಿಲ್ಲದೆ ಯಾರನ್ನೂ ಅದಕ್ಕೆ ಒಳಪಡಿಸಕೂಡದೆಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿದೆ.