ಕಪ್ಪೆಯ ಚರ್ಮದ ಗುರಾಣಿ

ಶಸ್ತ್ರಕ್ರಿಯೆಗೊಳಗಾದ ಆಫ್ರಿಕಾ ಮೂಲದ ಕಪ್ಪೆಗಳನ್ನು ಕಲುಷಿತ ನೀರಿಗೆ ಬಿಟ್ಟರೂ ಗಾಯ ಕೀವಾಗದೆ ಮಾಯುತ್ತಿದ್ದುದನ್ನು ಅಮೆರಿಕದ ವಿಜ್ಞಾನಿ ಮೈಕೆಲ್ ಝಾಸ್ಲಾಫ್ ಗಮನಿಸಿದರು. ಅವುಗಳ ಚರ್ಮದಲ್ಲಿ ಕಂಡ ರಕ್ಷಕ ಪೆಪ್ಟೈಡುಗಳಿಗೆ 1987ರಲ್ಲಿ ಹೀಬ್ರೂ ಭಾಷೆಯ ‘ಗುರಾಣಿ’ ಪದದಿಂದ ‘ಮ್ಯಾಗೈನಿನ್’ ಎಂದು ಹೆಸರಿಟ್ಟರು.

ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳ ಕಿರುಸರಪಳಿ. ಧನ ವಿದ್ಯುದಂಶವುಳ್ಳ ಮ್ಯಾಗೈನಿನ್, ಋಣ ವಿದ್ಯುದಂಶವುಳ್ಳ ಬ್ಯಾಕ್ಟೀರಿಯದ ಪೊರೆಗೆ ಅಂಟಿಕೊಂಡು ರಂಧ್ರ ಮಾಡುತ್ತದೆ. ಒಳಗಿನ ಸತ್ವ ಸೋರಿ ಬ್ಯಾಕ್ಟೀರಿಯ ಸಾಯುತ್ತದೆ. ನಮ್ಮ ಜೀವಕೋಶಗಳ ಹೊರಮೈಯಲ್ಲಿ ಋಣಾಂಶ ಅತ್ಯಲ್ಪವಾದ್ದರಿಂದ ಅವು ಬಹುಮಟ್ಟಿಗೆ ಸುರಕ್ಷಿತ. ನಮ್ಮ ಚರ್ಮ, ಬೆವರು, ಕರುಳುಗಳಲ್ಲಿಯೂ ಇಂಥ ರಕ್ಷಕ ಪೆಪ್ಟೈಡುಗಳಿವೆ.

ಆದರೆ ಮಧುಮೇಹಿಗಳ ಕಾಲಿನ ಹುಣ್ಣಿಗೆಂದು ಮ್ಯಾಗೈನಿನ್ ಮಾದರಿಯಲ್ಲಿ ರೂಪಿಸಿದ ಮುಲಾಮಿಗೆ 1999ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಲಿಲ್ಲ. ಹೊಸ ಔಷಧ ಸುಲಭವಾಗಿ ಬಾರದು. ಆದ್ದರಿಂದ ಇರುವ ಆ್ಯಂಟಿಬಯಾಟಿಕ್‌ಗಳ ಬಲವನ್ನು ನಾವು ಉಳಿಸಿಕೊಳ್ಳಬೇಕು: ನೆಗಡಿಗೆ ಅವನ್ನು ನುಂಗದಿರೋಣ, ವೈದ್ಯರ ಚೀಟಿಯಿಲ್ಲದೆ ಕೊಳ್ಳದಿರೋಣ.