ಕತ್ತರಿಸಿ ತೆಗೆದರೂ ಮರಳುವ ಕರುಳಿನ ಉರಿಯೂತ

ಮನೆಯಲ್ಲೊಬ್ಬರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ, ಹೊಲಿಗೆ ಬಿಚ್ಚಿ, ಅವರು ಮೊದಲಿನಂತೆ ಎಲ್ಲರೊಡನೆ ಊಟಕ್ಕೆ ಕುಳಿತರೆಂದರೆ ಮನೆಮಂದಿಗೆಲ್ಲ ದೊಡ್ಡ ಭಾರ ಇಳಿದಂತಾಗುತ್ತದೆ. ‘ಕೆಟ್ಟ ಭಾಗವನ್ನು ತೆಗೆದುಹಾಕಿದ್ದಾರೆ, ಇನ್ನೇನು ಭಯ?’ ಎಂಬುದು ಸಹಜವಾದ ಮಾತು. ಅಪೆಂಡಿಕ್ಸಿನ ವಿಷಯದಲ್ಲಿ ಈ ಮಾತು ನಿಜ. ಆದರೆ ಕ್ರೋನ್ ಕಾಯಿಲೆಯೆಂಬ ಕರುಳಿನ ಉರಿಯೂತದ ವಿಷಯದಲ್ಲಿ ಇದು ಅರ್ಧಸತ್ಯ ಮಾತ್ರ. ಈ ಕಾಯಿಲೆ ಮರಳಿ ಬರಬಲ್ಲದು, ಅದೂ ಸದ್ದಿಲ್ಲದೆ.

ಏನಿದು ಕ್ರೋನ್ ಕಾಯಿಲೆ?

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ಎಂಬ ಮೂವರು ವೈದ್ಯರು ಇದನ್ನು ವಿವರಿಸಿದರು. ಸಣ್ಣ ಕರುಳಿನ ಕೊನೆಯ ಭಾಗವೇ ಇದರ ಮೆಚ್ಚಿನ ನೆಲೆ. ಹೊಟ್ಟೆನೋವು, ಭೇದಿ, ಜ್ವರ, ತೂಕ ಇಳಿಯುವುದು ಇದರ ಮುಖ್ಯ ಲಕ್ಷಣಗಳು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇದೇ ವೇಷದಲ್ಲಿ ಬರುವುದರಿಂದ ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ವೈದ್ಯರಿಗೂ ಸುಲಭವಲ್ಲ. ಉರಿಯೂತದಿಂದ ಕರುಳು ಕಿರಿದಾಗಿ ಆಹಾರ ಮುಂದೆ ಸಾಗದಿದ್ದಾಗ, ಅಥವಾ ಕರುಳಿನಲ್ಲಿ ರಂಧ್ರವಾಗಿ ಕೀವು ತುಂಬಿದಾಗ, ಆ ಭಾಗವನ್ನು ಕತ್ತರಿಸಿ ತೆಗೆದು ಉಳಿದೆರಡು ತುದಿಗಳನ್ನು ಜೋಡಿಸುತ್ತಾರೆ. ಕಾಯಿಲೆ ಮತ್ತೆ ತಲೆಯೆತ್ತುವುದು ಸಾಮಾನ್ಯವಾಗಿ ಈ ಜೋಡಣೆಯ ಬಳಿ, ಅದರ ಹಿಂದಿನ ಸಣ್ಣ ಕರುಳಿನಲ್ಲಿ.

ಲ್ಯೂವೆನ್ ವೈದ್ಯರು ಕಂಡದ್ದು

ಬೆಲ್ಜಿಯಂ ದೇಶದ ಲ್ಯೂವೆನ್ ನಗರದಲ್ಲಿ ಪಾಲ್ ರುಟ್‌ಗೀರ್ಟ್ಸ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಾದ 89 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 1990ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಕೊಲೊನೋಸ್ಕೋಪಿಯ ಮೂಲಕ ಜೋಡಣೆಯ ಭಾಗವನ್ನು ನೋಡಿದಾಗ, ಒಂದು ವರ್ಷದೊಳಗೆ ನೂರಕ್ಕೆ 73 ಮಂದಿಯಲ್ಲಿ ಹೊಸ ಹುಣ್ಣುಗಳು ಕಾಣಿಸಿದ್ದವು. ಆದರೆ ಏನಾದರೊಂದು ತೊಂದರೆ ಹೇಳಿಕೊಂಡವರು ನೂರಕ್ಕೆ 20 ಮಂದಿ ಮಾತ್ರ! ಉಳಿದವರು ತಮಗೆ ಪೂರ್ಣ ಗುಣವಾಯಿತೆಂದೇ ನಂಬಿದ್ದರು. ರೋಗಿಯ ಮಾತಾಗಲಿ ರಕ್ತಪರೀಕ್ಷೆಯಾಗಲಿ ಮುಂದಾಗುವುದನ್ನು ಸರಿಯಾಗಿ ಸೂಚಿಸಲಿಲ್ಲ. ಕಣ್ಣಾರೆ ಕಂಡ ಹುಣ್ಣುಗಳೇ ಸೂಚಿಸಿದವು.

ಈ ಅನುಭವದಿಂದ ಅವರು ಸೊನ್ನೆಯಿಂದ ನಾಲ್ಕರವರೆಗಿನ ಅಳತೆಯೊಂದನ್ನು ರೂಪಿಸಿದರು. ಹುಣ್ಣುಗಳೇ ಇಲ್ಲದಿದ್ದರೆ ಸೊನ್ನೆ. ಐದು ಅಥವಾ ಅದಕ್ಕಿಂತ ಕಡಿಮೆ ಪುಟ್ಟ ಹುಣ್ಣುಗಳಿದ್ದರೆ ಒಂದು. ಅದಕ್ಕಿಂತ ಹೆಚ್ಚಿದ್ದು ನಡುನಡುವೆ ಆರೋಗ್ಯವಂತ ಪೊರೆ ಉಳಿದಿದ್ದರೆ, ಅಥವಾ ಹುಣ್ಣು ಜೋಡಣೆಯಲ್ಲಷ್ಟೇ ಇದ್ದರೆ ಎರಡು. ಪುಟ್ಟ ಹುಣ್ಣುಗಳೊಡನೆ ಉರಿಯೂತ ಎಲ್ಲೆಡೆ ಹರಡಿದ್ದರೆ ಮೂರು. ದೊಡ್ಡ ಹುಣ್ಣು, ಗಂಟು, ಕಿರಿದಾಗುವಿಕೆಗಳಿದ್ದರೆ ನಾಲ್ಕು. ಸೊನ್ನೆ, ಒಂದು ಬಂದವರು ಬಹುಕಾಲ ನೆಮ್ಮದಿಯಿಂದಿರುವ ಸಂಭವ ಹೆಚ್ಚು. ಮೂರು, ನಾಲ್ಕು ಬಂದವರಿಗೆ ನೋವು ಬೇಗ ಮರುಕಳಿಸುವ ಸಂಭವವಿದೆ. ಇಂದಿಗೂ ಜಗತ್ತಿನಾದ್ಯಂತ ವೈದ್ಯರು ಈ ಅಳತೆಯನ್ನೇ ಆಧರಿಸುತ್ತಾರೆ.

ಮುಂಚಿತವಾಗಿ ತಿಳಿದರೆ ಪ್ರಯೋಜನವೇನು?

ಈ ಪ್ರಶ್ನೆಗೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ 174 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ನೀಡಿತು. ಒಂದು ಗುಂಪಿನವರಿಗೆ ಆರನೆಯ ತಿಂಗಳಿನಲ್ಲಿ ಕೊಲೊನೋಸ್ಕೋಪಿ ಮಾಡಿ, ಹುಣ್ಣು ಕಂಡವರಿಗೆ ಔಷಧವನ್ನು ಬಲಪಡಿಸಲಾಯಿತು. ಇನ್ನೊಂದು ಗುಂಪಿಗೆ ಔಷಧ ಮಾತ್ರ; ನಡುವೆ ಈ ಪರೀಕ್ಷೆ ಇರಲಿಲ್ಲ. ಹದಿನೆಂಟು ತಿಂಗಳುಗಳ ಬಳಿಕ ಮೊದಲ ಗುಂಪಿನಲ್ಲಿ ನೂರಕ್ಕೆ 49 ಮಂದಿಗೆ ಕಾಯಿಲೆ ಮರಳಿದ್ದರೆ, ಎರಡನೆಯದರಲ್ಲಿ 67 ಮಂದಿಗೆ ಮರಳಿತ್ತು. ಪೂರ್ಣ ವಿಜಯವಲ್ಲ, ನಿಜ. ಆದರೂ ಮತ್ತೊಮ್ಮೆ ಕರುಳನ್ನು ಕಳೆದುಕೊಳ್ಳುವ ಭೀತಿಯಲ್ಲಿರುವ ಕುಟುಂಬಕ್ಕೆ ಈ ಅಂತರ ಸಣ್ಣದಲ್ಲ.

ಮಲದಲ್ಲಿರುವ ಕ್ಯಾಲ್ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ಸರಳ ಪರೀಕ್ಷೆಯೂ ಈಗ ನೆರವಿಗಿದೆ. ಪ್ರಮಾಣ ಕಡಿಮೆಯಿದ್ದರೆ ಹುಣ್ಣು ಇಲ್ಲದಿರುವ ಸಂಭವ ಹೆಚ್ಚು. ಏರಿದರೆ ಒಳಗೆ ನೋಡುವುದು ಲೇಸು.

ಮನೆಯವರು ಗಮನಿಸಬೇಕಾದದ್ದು

ಕಾಯಿಲೆ ಮರಳುವ ಸಂಭವವನ್ನು ಹೆಚ್ಚಿಸುವ ಸಂಗತಿಗಳಲ್ಲಿ ನಮ್ಮ ಕೈಯಲ್ಲಿರುವುದೆಂದರೆ ಧೂಮಪಾನ. ಹಿಂದೆಯೂ ಶಸ್ತ್ರಚಿಕಿತ್ಸೆಯಾಗಿದ್ದರೆ, ಕರುಳಿನಲ್ಲಿ ರಂಧ್ರವಾಗಿದ್ದರೆ ಅಪಾಯ ಹೆಚ್ಚು. ಆ ಕಳೆದುದನ್ನು ತಿದ್ದಲಾಗದು. ಬೀಡಿ, ಸಿಗರೇಟನ್ನು ಮಾತ್ರ ಇಂದೇ ತೊರೆಯಬಹುದು.

ಮತ್ತೊಂದು ಮಾತು. ಶಸ್ತ್ರಚಿಕಿತ್ಸೆಯ ನಂತರ ಭೇದಿಯಾದೊಡನೆ ಕಾಯಿಲೆ ಮರಳಿತೆಂದು ಧೈರ್ಯಗೆಡಬೇಕಾಗಿಲ್ಲ. ಪಿತ್ತರಸವನ್ನು ಹೀರಿಕೊಳ್ಳುತ್ತಿದ್ದ ಭಾಗವೇ ಹೋಗಿರುವುದರಿಂದಲೂ ಭೇದಿಯಾಗುತ್ತದೆ; ಅದಕ್ಕೆ ಬೇರೆ ಔಷಧವಿದೆ. ಬಿ 12 ಜೀವಸತ್ವದ ಕೊರತೆಯೂ ಉಂಟಾಗಬಹುದು. ಹೀಗೆ ನೋವಿಲ್ಲದಿರುವುದು ಕಾಯಿಲೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಭೇದಿಯಾಗುವುದು ಕಾಯಿಲೆ ಇದೆಯೆಂಬುದಕ್ಕೂ ಸಾಕ್ಷಿಯಲ್ಲ.

ಆದುದರಿಂದ ಆಸ್ಪತ್ರೆಯಿಂದ ಮನೆಗೆ ಮರಳುವ ದಿನವೇ ವೈದ್ಯರಲ್ಲಿ ಒಂದು ಪ್ರಶ್ನೆ ಕೇಳಿರಿ: ‘ಒಳಗೆ ನೋಡುವ ಪರೀಕ್ಷೆಗೆ ಎಂದು ಬರಬೇಕು?’ ಅವರು ಹೇಳಿದ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಆ ದಿನ ಬಂದಾಗ ರೋಗಿಯು, ‘ನಾನು ಚೆನ್ನಾಗಿಯೇ ಇದ್ದೇನಲ್ಲ, ಸುಮ್ಮನೆ ಏಕೆ ಖರ್ಚು?’ ಎನ್ನುವುದು ಸಹಜ. ಚೆನ್ನಾಗಿರುವಾಗಲೇ ಹೋಗಬೇಕಾದ ಪರೀಕ್ಷೆಯಿದು ಎಂದು ತಿಳಿಹೇಳಿ, ಜೊತೆಯಲ್ಲಿ ನೀವೂ ಹೊರಡಿರಿ.